ನೀಲಿ ದೀಪ ನಿಂತಲ್ಲಿ

ಹಾಡುತ್ತಿದ್ದ ಕಂಪ್ಯೂಟರು ನಡುವೆಯೇ ಮೂಕವಾಯಿತು.

ಪರದೆಯ ಮೇಲೆ ಭಜನೆಯವರು ತಾಳ ಬಡಿಯುತ್ತಲೇ ಇದ್ದರು, ಬಾಯಿ ತೆರೆದು ಮುಚ್ಚುತ್ತಲೇ ಇದ್ದರು. ಮೇಜಿನ ಮೇಲಿನ ಎರಡು ಪುಟ್ಟ ಸ್ಪೀಕರುಗಳಲ್ಲಿ ಮಾತ್ರ ಉಸಿರಿಲ್ಲ. ಕಾವ್ಯಶ್ರೀ ಕುರ್ಚಿಯಲ್ಲಿ ಸೆಟೆದು ಕೂತಳು.

"ಇದೇ ನೋಡ್ರಿ ದೊಡ್ಡಪ್ಪ. ನಿನ್ನೇನೂ ಹಿಂಗೇ ಆಗಿದ್ದು."

ಮರುಳಸಿದ್ದಪ್ಪನವರು ಕನ್ನಡಕ ಸರಿಮಾಡಿಕೊಂಡು ಪರದೆಯ ಬಲಮೂಲೆಗೆ ಬಾಗಿದರು. ಅಲ್ಲೊಂದು ಸಣ್ಣ ಚೌಕ ಮೂಡಿತ್ತು. ಅದರಲ್ಲಿ ಒಂದು ಹೆಸರು: ಸುಚಿ. ಅದರ ಕೆಳಗೆ, ಜೋಡಣೆಯಾಗಿದೆ ಎಂಬ ಮಾತು. ಕಣ್ಣು ಮಿಟುಕಿಸುವುದರೊಳಗೆ ಚೌಕ ಅಳಿಸಿಹೋಯಿತು.

ಆ ಹೆಸರು ಒಂದು ನೆಕ್‌ಬ್ಯಾಂಡಿನದು. ಕೊರಳಿಗೆ ಹಾಕಿಕೊಂಡು, ತಂತಿಯ ಹಂಗಿಲ್ಲದೆ ಕಿವಿಯಲ್ಲಿ ಹಾಡು ಕೇಳುವ ಸಾಧನ. ನ್ಯಾಮತಿಯ ಈ ಆನ್‌ಲೈನ್ ಸೆಂಟರಿನ ಒಡತಿ ಸುಚಿತ್ರಾ ಕಾಣೆಯಾದ ಸಂಜೆ ಅದನ್ನೇ ಕೊರಳಿಗೆ ಹಾಕಿಕೊಂಡು ಶಟರು ಎಳೆದಿದ್ದಳು. ಅವಳೂ ಮನೆ ಸೇರಲಿಲ್ಲ, ಅದೂ ಸಿಗಲಿಲ್ಲ.

ಮರುಳಸಿದ್ದಪ್ಪ ಬಾಗಿಲಿಗೆ ಬಂದು ನಿಂತರು. ಹೊನ್ನಾಳಿಗೆ ಹೋಗುವ ಬಸ್ಸು ಜನ ತುಂಬಿಸಿಕೊಳ್ಳುತ್ತಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕೊಂದು ಅದರ ಹಿಂದೆ ಗುರುಗುಟ್ಟುತ್ತಿತ್ತು. ಬಸವಣ್ಣನ ಗುಡಿಯಿಂದ ತಿರುಗಿದ ಹೆಂಗಸರ ಗುಂಪಿನಲ್ಲಿ ಸುಚಿತ್ರಾಳ ತಾಯಿ ಉಚ್ಚಂಗಮ್ಮನೂ ಇದ್ದಳು. ದಿನವೂ ಮಗಳ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, ಎದೆಗೆ ಕೈ ಒತ್ತಿಕೊಂಡು, ಮುಂದೆ ಹೋಗುವುದು ಅವಳ ರೂಢಿಯಾಗಿತ್ತು. ಆ ಮುಖವನ್ನು ನೋಡಲಾರದೆ ಮರುಳಸಿದ್ದಪ್ಪ ಕಣ್ಣು ತಗ್ಗಿಸಿದರು.

ಹಿಂದೆ ಸ್ಪೀಕರಿನಲ್ಲಿ ತಾಳದ ಸದ್ದು ಮರಳಿತು. ಬಸ್ಸು ಹೊರಟಿತ್ತು. ಬೈಕು ಹೋಗಿತ್ತು. ಹೆಂಗಸರು ತಿರುವಿನಲ್ಲಿ ಮರೆಯಾಗಿದ್ದರು.

"ನೆಕ್‌ಬ್ಯಾಂಡಿನ ಕೈ ಬಿಡ್ತು" ಎಂದಳು ಕಾವ್ಯಶ್ರೀ.

ಸುಚಿತ್ರಾಳ ಜೊತೆ ಇದೇ ಅಂಗಡಿಯಲ್ಲಿ ಪಹಣಿ, ಅರ್ಜಿ ಎಂದು ದುಡಿಯುತ್ತಿದ್ದ ಹುಡುಗಿ ಅವಳು. ಬಾಗಿಲು ಹಾಕಿದ್ದ ಅಂಗಡಿಯನ್ನು ಈ ವಾರವಷ್ಟೇ ತೆರೆದಿದ್ದಳು. ಬೆಳಿಗ್ಗೆ ಊದುಬತ್ತಿ ಹಚ್ಚಿ ಭಜನೆ ಹಾಕುವುದು ಸುಚಿತ್ರಾ ಮಾಡಿದ್ದ ಪದ್ಧತಿ, ಅದನ್ನೂ ಬಿಟ್ಟಿರಲಿಲ್ಲ. ನಿನ್ನೆ ದನಿ ನಿಂತಾಗ ಮೊದಲು ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದ್ದಳು. ವಾಲ್ಯೂಮು ನೋಡಿದ್ದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದ್ದಳು. ಬ್ಲೂಟೂತನ್ನು ಬಂದ್ ಮಾಡಿ ಮತ್ತೆ ತೆರೆದಾಗ ಸುಚಿ ಎಂಬ ಹೆಸರು ಕಂಡು, ಮರುಳಸಿದ್ದಪ್ಪನವರಿಗೆ ಫೋನು ಮಾಡಿದ್ದಳು. ಪೊಲೀಸು ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿದ್ದರೂ ಊರ ಬಾಯಲ್ಲಿ ಅವರು ಈಗಲೂ ದಫೇದಾರರೇ.

ದನಿ ಯಾಕೆ ನಿಲ್ಲುತ್ತದೆಂದು ಅವಳು ಬಿಡಿಸಿ ಹೇಳಿದಳು. ಒಮ್ಮೆ ಗುರುತು ಹಿಡಿದ ನೆಕ್‌ಬ್ಯಾಂಡು ಹತ್ತಿರ ಬಂದರೆ ಕಂಪ್ಯೂಟರು ತಾನಾಗಿಯೇ ಅದರ ಕೈ ಹಿಡಿಯುತ್ತದೆ. ಹಾಡನ್ನು ಸ್ಪೀಕರಿಗೆ ಕೊಡದೆ ಅದರ ಕಿವಿಗೆ ಸುರಿಯುತ್ತದೆ. ದೂರ ಹೋದರೆ ಬಿಡುತ್ತದೆ. ಹತ್ತಿರ ಎಂದರೆ ಈ ಅಂಗಡಿ, ಮುಂದಿನ ರಸ್ತೆ, ಬಹಳವೆಂದರೆ ಎದುರಿನ ಕಟ್ಟೆ.

"ಅದ್ರ ಚಾರ್ಜು ಎಷ್ಟು ದಿನ ಬರ್ತೈತಮ್ಮ?"

"ಹಚ್ಚೇ ಇಟ್ರೆ ಒಂದು ದಿನ. ಬಾಳ ಅಂದ್ರೆ ಎರಡು."

ಮರುಳಸಿದ್ದಪ್ಪ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿಕೊಂಡರು. ಯೋಚನೆ ಆಳಕ್ಕೆ ಇಳಿದಾಗ ಅವರ ಕೈ ಅಲ್ಲಿಗೆ ಹೋಗುತ್ತಿತ್ತು. ಸುಚಿತ್ರಾ ಹೋಗಿ ಒಂದು ಅಮಾವಾಸ್ಯೆ ಕಳೆದಿತ್ತು. ಅಷ್ಟು ದಿನದಿಂದ ಯಾರೋ ಆ ವಸ್ತುವಿಗೆ ತಪ್ಪದೆ ಕರೆಂಟು ಉಣಿಸುತ್ತಿದ್ದಾರೆ. ಉಣಿಸಿ, ಹಚ್ಚಿಕೊಂಡು, ಈ ರಸ್ತೆಯಲ್ಲೇ ಓಡಾಡುತ್ತಿದ್ದಾರೆ.

"ಅವ್ಳೇ ಯಾಕಿರಬಾರ್ದು ದೊಡ್ಡಪ್ಪ?"

ಅಂಥ ಆಸೆಯನ್ನು ಹುಟ್ಟಿಸುವುದು ಸುಲಭ. ಆಮೇಲೆ ಅದನ್ನು ಯಾರು ಸಾಕಬೇಕು?

ಹೊರಗೆ ಕೀಲಿ ಗೊಂಚಲಿನ ಗಿಲಕಿ ಸದ್ದಾಯಿತು. ಆ ಸದ್ದು ಕೇಳಿದರೆ ಸಾಕು, ಬಂದವನು ನಿಂಗರಾಜನೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಉಚ್ಚಂಗಮ್ಮನ ಒಡಹುಟ್ಟಿದ ತಮ್ಮ, ಸುಚಿತ್ರಾಳ ಸೋದರಮಾವ. ಬೋರ್‌ವೆಲ್ ಮೋಟರು ರಿಪೇರಿಗೆ ಅವನನ್ನು ಬಿಟ್ಟರಿಲ್ಲ. ಉಬ್ರಾಣಿಯಿಂದ ಜಗಳೂರಿನವರೆಗೆ ರೈತರು ತಮ್ಮ ಮೋಟರು ಮನೆಯ ಒಂದು ಕೀಲಿಯನ್ನು ನಂಬಿ ಅವನ ಕೈಗೇ ಕೊಟ್ಟಿದ್ದರು. ತಾವು ಹೊಲದಲ್ಲಿರಲಿ, ಸಂತೆಯಲ್ಲಿರಲಿ, ಅವನು ಬಂದು ತೆಗೆದು ಸರಿಮಾಡಿ ಹೋಗುತ್ತಿದ್ದ. ಆ ಕೀಲಿಗಳೆಲ್ಲ ಅವನ ಸೊಂಟದಲ್ಲಿ ಗೊಂಚಲಾಗಿ ತೂಗುತ್ತಿದ್ದವು.

ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಇಬ್ಬರಿಗೂ ಕೊಟ್ಟ. ಸೋದರಸೊಸೆಗಾಗಿ ಅವನಷ್ಟು ಅಲೆದವರು ಇನ್ನೊಬ್ಬರಿಲ್ಲ. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ಫೋಟೋ ಅಂಟಿಸಿದವನು ಅವನೇ, ಮರುಳಸಿದ್ದಪ್ಪನವರನ್ನು ಬೈಕಿನಲ್ಲಿ ಕೂರಿಸಿಕೊಂಡು ಅಕ್ಕನ ಮನೆಗೆ ಕರೆತಂದವನೂ ಅವನೇ. ಸಾಸ್ವೆಹಳ್ಳಿ ಹತ್ತಿರ ಹೊಳೆಯಲ್ಲಿ ಗುರುತು ಸಿಗದ ಹೆಣವೊಂದು ಸಿಕ್ಕಾಗ, ಕೈಬಳೆ ನೋಡಿ ಕುಸಿದು ಕೂತು, ಇವಳೇ ನಮ್ಮ ಹುಡುಗಿ ಎಂದು ಹೇಳಿದವನೂ ಅವನೇ. ಹೆಣದ ಗುರುತಿನ ಪರೀಕ್ಷೆಗೆ ಕಳಿಸಿದ್ದರ ಉತ್ತರ ಇನ್ನೂ ಬಂದಿರಲಿಲ್ಲ. ಸೋಮವಾರ ತಿಥಿ ಮಾಡಿ ಮುಗಿಸುವುದೆಂದು ಮನೆಯ ಹಿರಿಯರು ತೀರ್ಮಾನಿಸಿದ್ದರು. ತಿಥಿಯಾದರೆ ಮುಗಿಯಿತು, ಆಮೇಲೆ ಯಾರೂ ಸುಚಿತ್ರಾಳನ್ನು ಹುಡುಕುವುದಿಲ್ಲ.

ಉಚ್ಚಂಗಮ್ಮ ಒಬ್ಬಳೇ ಒಪ್ಪಿರಲಿಲ್ಲ. ಸೋಮವಾರದೊಳಗೆ ಬದುಕಿದ್ದಾಳೆಂದೋ ಇಲ್ಲವೆಂದೋ ಹೇಳಿಬಿಡಿ ಎಂದು ಮರುಳಸಿದ್ದಪ್ಪನವರ ಕಾಲು ಹಿಡಿದಿದ್ದಳು.

ಕಾವ್ಯಶ್ರೀ ಹೇಳಿದ್ದನ್ನು ನಿಂಗರಾಜ ಅರ್ಧ ನಗುತ್ತಲೇ ಕೇಳಿದ. ಕಂಪ್ಯೂಟರಿಗೆ ಧೂಳು ಹಿಡಿದಿದೆ, ಆಯುಧಪೂಜೆಯಲ್ಲಿ ಇವರು ಅದರ ತೂತುಗಳಿಗೆಲ್ಲ ಕುಂಕುಮ ಮೆತ್ತಿದ್ದು ನಾನೇ ನೋಡಿದ್ದೆ ಎಂದ. ಅದೂ ಸುಳ್ಳಲ್ಲ. ಹಿಂಬದಿಯಲ್ಲಿ ಸಿಕ್ಕಿಸಿದ್ದ ಉಗುರಿನಷ್ಟು ಅಗಲದ ಬ್ಲೂಟೂತ್ ಡಾಂಗಲನ್ನು ಕಾವ್ಯಶ್ರೀ ಕಿತ್ತು ತೋರಿಸಿದಳು. ಸಂದಿಯಲ್ಲಿ ಕೆಂಪು ಇನ್ನೂ ಇತ್ತು. ಸೆರಗಿನ ತುದಿಯಿಂದ ಒರೆಸಿ, ಈ ಸಲ ಮುಂಬದಿಗೆ ಸಿಕ್ಕಿಸಿದಳು. ಹಿಂದೆ ತಗಡಿನ ಮರೆ, ಮುಂದಾದರೆ ಇನ್ನಷ್ಟು ದೂರದ್ದೂ ಹಿಡಿಯುತ್ತದೆ ಎಂದಳು.

"ಮೊದ್ಲು ಪಕ್ಕದ ಅಂಗಡಿಯವ್ನನ್ನ ಹಿಡೀರಿ" ಎಂದ ನಿಂಗರಾಜ.

ಪಕ್ಕದ ಮೊಬೈಲ್ ಅಂಗಡಿ ಓಂಕಾರನದು. ಸುಚಿತ್ರಾಳನ್ನು ಮದುವೆಗೆ ಕೇಳಿ, ಬೇಡವೆನಿಸಿಕೊಂಡು, ಅಂಗಡಿ ಮುಂದೆಯೇ ಅವಳೊಡನೆ ಜಗಳವಾಡಿದ್ದ. ಊರು ಅವನನ್ನು ಅಂದೇ ತಪ್ಪಿತಸ್ಥನೆಂದು ಬರೆದುಕೊಂಡಿತ್ತು. ಆ ನೆಕ್‌ಬ್ಯಾಂಡು ಮಾರಿದವನೂ ಅವನೇ. ಅಂಥದ್ದೇ ಒಂದು ಅವನ ಕೊರಳಲ್ಲೂ ಇತ್ತು.

ಕರೆದಾಗ ಅವನು ಬಂದು ಹೊಸ್ತಿಲಲ್ಲೇ ನಿಂತ.

"ಠಾಣೆಗೆ ಕರ್ದು ಕರ್ದು ನನ್ ಚಪ್ಲಿ ಸವೆಸಿದ್ರಿ. ಈಗ ಕಂಪ್ಯೂಟರ್ ಕೈಲಿ ಸಾಕ್ಷಿ ಹೇಳ್ಸಾಕೆ ಹೊಂಟೀರೇನು ದಫೇದಾರ್ರೇ?"

ಮರುಳಸಿದ್ದಪ್ಪ ಸಿಟ್ಟಾಗಲಿಲ್ಲ. ಕೊರಳಿನದನ್ನು ಹಚ್ಚಿ ಒಳಗೆ ಬಾ ಎಂದರು. ಅವನು ಹಚ್ಚಿದ. ಕಂಪ್ಯೂಟರಿನ ಪಕ್ಕಕ್ಕೇ ಬಂದು ಕೂತ. ಭಜನೆ ಸ್ಪೀಕರಿನಲ್ಲಿ ನಿರಾತಂಕವಾಗಿ ಸಾಗಿತು. ಒಂದೇ ಕಂಪನಿಯ ನೂರು ಇದ್ದರೂ ಕಂಪ್ಯೂಟರು ಬಲ್ಲದ್ದು ತಾನು ಜೋಡಿ ಮಾಡಿಕೊಂಡ ಒಂದನ್ನೇ ಎಂದು ಕಾವ್ಯಶ್ರೀ ಮೆಲ್ಲನೆ ಹೇಳಿದಳು.

ಓಂಕಾರ ಎದ್ದು ಹೋಗುವಾಗ ತಿರುಗಿ ನೋಡಿದ. ನಗೆ ಬತ್ತಿತ್ತು.

"ಅವ್ಳು ಸಿಕ್ರೆ ನಂಗೂ ಒಂದು ಮಾತು ಹೇಳ್ರಿ" ಎಂದ. "ಸಿಗಾಕಿಲ್ಲ ಬಿಡ್ರಿ. ಆದ್ರೂ."

ದಾರಿಯಲ್ಲಿ ನಡೆದುಹೋಗುವ ವಸ್ತುವನ್ನು ಕೂತಲ್ಲೇ ಕೂತು ಹಿಡಿಯುವುದು ಹೇಗೆ? ಅದು ಬರಲಿ ಎಂದು ಕಾದರೆ ಮತ್ತೆ ಒಂದು ಗಳಿಗೆ ನಿಂತು ಹೋಗುತ್ತದೆ. ಮರುಳಸಿದ್ದಪ್ಪ ಕಂಪ್ಯೂಟರಿನ ಕರಿಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತೂಕ ನೋಡಿದರು. ಆಮೇಲೆ, ಇದನ್ನು ಹೊತ್ತು ತಿರುಗಿಸಲು ಬರುತ್ತದೆಯೇ ಎಂದು ಕೇಳಿದರು.

ಕಾವ್ಯಶ್ರೀ ಮೊದಲು ನಕ್ಕಳು. ಆಮೇಲೆ ಮೇಜಿನ ಕೆಳಗಿದ್ದ ಯುಪಿಎಸ್ ಕಡೆ ನೋಡಿದಳು. ಕರೆಂಟು ಹೋದಾಗ ಕಂಪ್ಯೂಟರಿಗೆ ಸ್ವಲ್ಪ ಹೊತ್ತು ಜೀವ ಕೊಡುವ ಪೆಟ್ಟಿಗೆ ಅದು. ಬ್ಯಾಟರಿ ಹಳೆಯದು, ಹೆಚ್ಚು ಹೊತ್ತು ತಡೆಯುವುದಿಲ್ಲ ಎಂದಳು.

ಸೊಪ್ಪು ಮಾರುವ ದೊಡ್ಡಕ್ಕನ ತಳ್ಳುಗಾಡಿ ಕೇಳಿ ತಂದರು. ಅವಳು ಕೊತ್ತಂಬರಿಯನ್ನೆಲ್ಲ ಬುಟ್ಟಿಗೆ ಇಳಿಸಿ, ಕಣ್ಣರಳಿಸಿ ನಿಂತಳು. "ಈ ಟಿವಿ ಪೆಟ್ಟಿಗೆ ಮೆರವಣಿಗೆ ಮಾಡಾಕೆ ನನ್ ಗಾಡಿನೇ ಬೇಕಾಗಿತ್ತೇನ್ರಿ? ತಿರುಗಿ ಬರಾಗ ಚಕ್ರ ಸೊಟ್ಟ ಆಗಿದ್ರೆ ಸೊಪ್ಪು ನೀವೇ ಹೊತ್ ಮಾರ್ಬೇಕು" ಎಂದಳು. ಹೇಳುತ್ತಲೇ, ಒಳಗಿನ ಡಿಸ್ಕು ಅಲುಗಬಾರದೆಂದು ಕಾವ್ಯಶ್ರೀ ಗಾಡಿಯ ಮೇಲೆ ಹಾಸುತ್ತಿದ್ದ ಕೌದಿಯ ಇನ್ನೊಂದು ತುದಿ ಹಿಡಿದಳು.

ನಿಂಗರಾಜನೇ ತಳ್ಳಲು ನಿಂತ. ಮರುಳಸಿದ್ದಪ್ಪ ಒಂದು ಪಕ್ಕ, ಪರದೆಯ ಮೇಲೆ ಕಣ್ಣು ನೆಟ್ಟು ಕಾವ್ಯಶ್ರೀ ಇನ್ನೊಂದು ಪಕ್ಕ. ಪ್ಲಗ್ಗು ಕಿತ್ತೊಡನೆ ಯುಪಿಎಸ್ ಕೂಗತೊಡಗಿತು. ಭಜನೆ ಹಾಡುತ್ತಾ ಕಂಪ್ಯೂಟರು ಬೀದಿಗೆ ಇಳಿಯಿತು.

ಜನ ದಾರಿ ಬಿಟ್ಟರು. ಅದರ ಹಿಂದೆ ನಡೆಯುವಾಗ ಮರುಳಸಿದ್ದಪ್ಪನವರಿಗೆ ಹೋದ ವಾರದ ನೆನಪಾಯಿತು. ಉಚ್ಚಂಗಮ್ಮನ ಒತ್ತಾಯಕ್ಕೆ ಅಂದು ದೇವರನ್ನು ಕೇಳಿದ್ದರು. ಪೂಜಾರಿ ಗೋಣೆಪ್ಪ ಜೊತೆಯವನೊಡನೆ ದೇವರ ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಿಂತಿದ್ದ. ಕೇಳಿದ ಮಾತು ಹೌದಾದರೆ ದೇವರು ಹೊತ್ತವರನ್ನು ಮುಂದಕ್ಕೆ ನೂಕುತ್ತದೆ, ಅಲ್ಲವಾದರೆ ಹಿಂದಕ್ಕೆ ಎಳೆಯುತ್ತದೆ. ಮಗಳು ಬದುಕಿದ್ದಾಳೆಯೇ ಎಂದು ಆ ತಾಯಿ ನೆಲಕ್ಕೆ ಹಣೆ ಹಚ್ಚಿ ಕೇಳಿದ್ದಳು. ಗೋಣೆಪ್ಪನ ಹೆಗಲು ನಡುಗಿತು, ಕಾಲು ನಡುಗಿತು. ದೇವರು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಹಾಗೆ ನಿಂತದ್ದನ್ನು ಊರಿನ ಹಿರಿಯರಾರೂ ಹಿಂದೆ ಕಂಡಿರಲಿಲ್ಲ. ದೇವರಿಗೂ ಉತ್ತರ ಗೊತ್ತಿಲ್ಲವೇನೋ ಎಂಬ ಸಂಕಟ ಅಂದಿನಿಂದ ಮರುಳಸಿದ್ದಪ್ಪನವರ ಪೂಜೆಯಲ್ಲಿ ಬಂದು ಕೂತಿತ್ತು.

ಬಸ್‌ಸ್ಟ್ಯಾಂಡಿನ ಕಡೆ ತಿರುಗಿಸಿದರು. ಹಾಡು ನಿಲ್ಲಲಿಲ್ಲ. ಹಾಲಿನ ಡೈರಿಯ ಮುಂದೆ ನಿಂತರು. ನಿಲ್ಲಲಿಲ್ಲ. ಗುಡಿಯ ದಾರಿಯಲ್ಲಿ ಹೋಗಿ ತಿರುಗಿದರು. ಯುಪಿಎಸ್ಸಿನ ಕೂಗು ಬಿರುಸಾಯಿತು. ಅಷ್ಟರಲ್ಲಿ ಊರ ಕರೆಂಟೂ ಹೋಗಿ, ಗಿರಣಿಯ ಸದ್ದು ನಿಂತು, ಬೀದಿಯ ಉದ್ದಕ್ಕೂ ಅಂಗಡಿಗಳು ಮಂಕಾದವು. ಎಲ್ಲಾದರೂ ಪ್ಲಗ್ಗು ಚುಚ್ಚಿ ಉಸಿರು ತುಂಬಿಸೋಣವೆಂದರೆ ಅದೂ ಇಲ್ಲ.

"ಸಾಕು ಬಿಡ್ರಿ, ಊರಾಗೆ ನಗೆಪಾಟ್ಲಾಯ್ತು" ಎಂದ ನಿಂಗರಾಜ.

ಉಳಿದದ್ದು ಒಂದೇ ಓಣಿ. ಅವನ ಅಕ್ಕನ ಮನೆಯ ಓಣಿ. ಅದರ ಬಾಯಿಗೆ ಬರುವಾಗ ಅವನ ಫೋನು ರಿಂಗಾಯಿತು. ನೋಡಿ ಕಡಿದು ಜೇಬಿಗಿಟ್ಟ. ಗಂಟಲು ಒಣಗಿದೆ, ಅಕ್ಕನ ಮನೆಗೆ ಹಿತ್ತಲ ಕಡೆಯಿಂದ ಹೋಗಿ ನೀರು ಕುಡಿದು ಬರುತ್ತೇನೆಂದು ಗಾಡಿ ಬಿಟ್ಟು ಪಕ್ಕದ ಸಂದಿಗೆ ಇಳಿದ. ಕೀಲಿಗಳ ಸದ್ದು ದೂರವಾಯಿತು.

ಮರುಳಸಿದ್ದಪ್ಪನವರೇ ಹಿಡಿಕೆಗೆ ಕೈಕೊಟ್ಟು ತಳ್ಳಿದರು. ಉಚ್ಚಂಗಮ್ಮನ ಮನೆಯ ಮಣ್ಣಿನ ಗೋಡೆ ಪಕ್ಕಕ್ಕೆ ಬಂದಿತ್ತು ಅಷ್ಟೇ. ಭಜನೆ ನಿಂತಿತು.

ಪರದೆಯ ಮೂಲೆಯಲ್ಲಿ ಚೌಕ ಮೂಡಿತು. ಸುಚಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದರೊಳಗೆ ಮನೆಯ ಬಾಗಿಲು ದಡಾರನೆ ತೆರೆಯಿತು. ಉಚ್ಚಂಗಮ್ಮ ಬರಿತಲೆಯಲ್ಲಿ, ಕೈಗೆ ಹಿಟ್ಟು ಮೆತ್ತಿಕೊಂಡು, ಹೊಸ್ತಿಲು ದಾಟಿ ಬಂದಿದ್ದಳು. ಇಷ್ಟು ದಿನದಲ್ಲಿ ಆ ಮುಖದ ಮೇಲೆ ಅಂಥ ಬೆಳಕನ್ನು ಮರುಳಸಿದ್ದಪ್ಪ ಕಂಡಿರಲಿಲ್ಲ.

"ಬಂದ್ಲಾ?" ಎಂದಳು.

ಓಣಿಯಲ್ಲಿ ಆ ಕಡೆ ಈ ಕಡೆ ನೋಡಿದಳು. ತಳ್ಳುಗಾಡಿಯ ಹಿಂದೆ ಇಣುಕಿದಳು. ಅಲ್ಲಿ ಯಾರೂ ಇರಲಿಲ್ಲ. ಕೌದಿಯ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಮಗಳ ಗೆಳತಿ, ಮುಂದೆ ಈ ಮುದುಕ. ಮುಖದ ಬೆಳಕು ನಿಧಾನಕ್ಕೆ ಆರಿತು.

ಮರುಳಸಿದ್ದಪ್ಪನವರಿಗೆ ಆಗ ಎಲ್ಲವೂ ಅರ್ಥವಾಯಿತು. ಬೆಳಿಗ್ಗೆ ತಾವು ಕಣ್ಣು ತಗ್ಗಿಸಿದ್ದು ಯಾವ ಮುಖದ ಮುಂದೆ, ಎದೆಗೆ ಒತ್ತಿಕೊಂಡಿದ್ದ ಆ ಕೈಯಲ್ಲಿ ಏನಿತ್ತು ಎಂಬುದು.

ಕಾವ್ಯಶ್ರೀಯನ್ನು ಗಾಡಿಯ ಬಳಿಯೇ ಇರಲು ಹೇಳಿದರು. ಆ ವಸ್ತುವಿನಲ್ಲಿ ಕೇಳುವುದಷ್ಟೇ ಅಲ್ಲ, ಮಾತಾಡುವುದಕ್ಕೂ ಬರುತ್ತದಲ್ಲವೇ ಎಂದು ಕೇಳಿದರು. ಹೌದು, ಅದರಲ್ಲಿ ಮೈಕು ಇದೆ ಎಂದಳು. ಹಾಗಾದರೆ ಅದರ ಸುತ್ತ ಆಡಿದ ಮಾತು ಈ ಸ್ಪೀಕರಿಗೆ ಬರುವ ಹಾಗೆ ಮಾಡಮ್ಮ ಎಂದರು. ತಾಯಿ ಏನು ಹೇಳಿದರೂ ಇನ್ನೊಬ್ಬಳು ಕೇಳಿಸಿಕೊಂಡಿರಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು.

ದೇವರ ಕೋಣೆ ಕತ್ತಲಾಗಿತ್ತು. ಗೋಡೆಯ ಗೂಡಿನಲ್ಲಿ ಬಿಲ್ವಪತ್ರೆಯ ತಟ್ಟೆಯ ಹಿಂದೆ ಒಂದು ನೀಲಿ ಚುಕ್ಕಿ ಮಿಸುಕದೆ ಉರಿಯುತ್ತಿತ್ತು.

"ಇದು ನಿನ್ ಕೈಗೆ ಹೆಂಗೆ ಬಂತು, ತಾಯಿ?"

"ದೇವ್ರು ಕೊಡ್ತು."

"ಉಚ್ಚಂಗಮ್ಮ."

"ಹ್ಞೂಂ ಅಣ್ಣಾರೇ, ದೇವ್ರೇ ಕೊಡ್ತು. ಬಾಯಿ ಬಿಟ್ಟು ಹೇಳಲಿಲ್ಲ ಅಂತ ನಾನು ಬಿಡಲಿಲ್ಲ. ಒಂದು ಕುರುಹಾದ್ರೂ ಕೊಡು ಅಂದೆ. ಮನಿಗೆ ಬಂದು ಪ್ರಸಾದದ ಚೀಲ ಬಿಚ್ಚಿದ್ರೆ, ಕಾಯಿ ಹೋಳಿನ ಸಂದ್ಯಾಗೆ ಇದಿತ್ತು. ನನ್ ಮಗಳ ಕೊರಳಾಗೆ ಇದ್ದದ್ದು."

ಕುರುಹಾಗಿ ಬಂದದ್ದನ್ನು ಬಾಯಿ ಬಿಟ್ಟು ಹೇಳಿದರೆ ಫಲ ಹೋಗುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಗೂಡಿನಲ್ಲಿಟ್ಟು, ನಂದಾದೀಪಕ್ಕೆ ಎಣ್ಣೆ ಎರೆದಂತೆ ದಿನವೂ ತಪ್ಪದೆ ಚಾರ್ಜಿಗೆ ಹಾಕಿದ್ದಳು. ಇದು ಆರಿದರೆ ಮಗಳೂ ಆರುತ್ತಾಳೆ. ಮೊದಲೆಲ್ಲ ಅದು ಕೆಂಪು ನೀಲಿಯಾಗಿ ಚಡಪಡಿಸುತ್ತಿತ್ತಂತೆ. ಈ ವಾರ ಗುಡಿಯಿಂದ ಬರುವಾಗ, ಮಗಳ ಅಂಗಡಿಯ ಮುಂದೆ ಮಾತ್ರ, ಮಿಣುಕುವುದನ್ನು ಬಿಟ್ಟು ನೀಲಿಯಾಗಿ ನಿಂತಿತು. ಅಲ್ಲೇ ಎಲ್ಲೋ ಅವಳಿದ್ದಾಳೆ ಎಂದುಕೊಂಡಿದ್ದಳು. ಇವತ್ತು ಮನೆಯಲ್ಲೇ ನೀಲಿಯಾಗಿ ನಿಂತಾಗ, ಬಾಗಿಲಿಗೇ ಬಂದಳು ಎಂದುಕೊಂಡಳು.

ಗುರುತಿನ ಜೋಡಿ ಸಿಗುವ ತನಕ ಆ ದೀಪ ಮಿಣುಕುತ್ತದೆ, ಸಿಕ್ಕಿದರೆ ನಿಲ್ಲುತ್ತದೆ, ಅದು ಹುಡುಕಿದ್ದು ಕಂಪ್ಯೂಟರನ್ನು ಎಂದು ಮರುಳಸಿದ್ದಪ್ಪ ಹೇಳಬೇಕಿತ್ತು. ಹೇಳುವ ಬದಲು ನೆಕ್‌ಬ್ಯಾಂಡನ್ನು ಕೈಗೆತ್ತಿಕೊಂಡು ಆರಿಸುವ ಗುಂಡಿಯ ಮೇಲೆ ಬೆರಳಿಟ್ಟರು.

"ಆರಿಸಬ್ಯಾಡ್ರಿ" ಎಂದಳು ಉಚ್ಚಂಗಮ್ಮ. ದನಿಯಲ್ಲಿ ಬೇಡಿಕೆಯಿರಲಿಲ್ಲ, ಎಚ್ಚರಿಕೆಯಿತ್ತು. "ಅದನ್ನ ಆರಿಸಿದ ಕೈ ನಿಮ್ದಾಗೋದು ಬ್ಯಾಡ."

ಅವರು ಅದನ್ನು ಬಿಲ್ವಪತ್ರೆಯ ಹಿಂದೆ, ಇದ್ದ ಹಾಗೆಯೇ ಇಟ್ಟರು. ಕೈ ಮುಗಿದರು ಕೂಡ. ಯಾರಿಗೆ ಮುಗಿದೆನೆಂದು ಅವರಿಗೂ ತಿಳಿಯಲಿಲ್ಲ.

ಜಗುಲಿಗೆ ಬಂದು ಕೂತ ಮೇಲೆ, ಪ್ರಸಾದದ ಚೀಲ ಗೋಣೆಪ್ಪ ಕೊಟ್ಟಿದ್ದೇ ಎಂದು ಕೇಳಿದರು. ಹೌದಂತೆ. ಕಾಯಿ, ಬಾಳೆಹಣ್ಣು, ಭಂಡಾರ ಎಲ್ಲವನ್ನೂ ಅವಳ ಕಣ್ಣೆದುರೇ ತುಂಬಿದ್ದ. ಆಗ ಅದರಲ್ಲಿ ಇದು ಇರಲಿಲ್ಲ. ಅದಕ್ಕೇ ಅಲ್ಲವೇ ಅವಳು ಅದನ್ನು ದೇವರ ಕೆಲಸ ಎಂದು ತಿಳಿದದ್ದು.

"ಗುಡಿಯಿಂದ ಮನಿತನಕ ಚೀಲ ನಿನ್ ಕೈಯಾಗೇ ಇತ್ತಾ?"

"ನಾನು ನಡ್ಕಂಡು ಬಂದೆ. ಭಾರ ಆಗ್ತೈತಕ್ಕ, ಕೊಡು ಅಂತ ನಮ್ ನಿಂಗ ತನ್ ಗಾಡಿ ಡಬ್ಬಿಗೆ ಹಾಕ್ಕೊಂಡು ಬಂದ."

ಬೈಕಿನ ಪಕ್ಕದ ಆ ತಗಡಿನ ಡಬ್ಬಿ ಮರುಳಸಿದ್ದಪ್ಪನವರ ಕಣ್ಣಮುಂದೆ ಬಂತು. ಸ್ಪ್ಯಾನರು, ವೈರಿನ ತುಂಡು, ಟೇಪಿನ ಸುರುಳಿ, ಎಲ್ಲ ಒಂದರಲ್ಲೊಂದು ಸಿಕ್ಕಿಕೊಂಡಿರುವ ಡಬ್ಬಿ. ಅದರ ತಳದಲ್ಲಿ ಬಿದ್ದಿದ್ದ ಒಂದು ಕರಿ ವೈರು, ಚೀಲದ ಬಾಯಿಗೆ ಸಿಕ್ಕಿ, ಕಾಯಿ ಹೋಳಿನ ಸಂದಿಗೆ ಸೇರಿಕೊಳ್ಳುವುದಕ್ಕೆ ಯಾವ ಪವಾಡವೂ ಬೇಕಿರಲಿಲ್ಲ.

ಓಣಿಯಿಂದ ಕಾವ್ಯಶ್ರೀ ಕೈ ಬೀಸುತ್ತಿದ್ದಳು. ಕೂಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು.

ಅವರು ಹೋಗಿ ಗಾಡಿಗೆ ಕಿವಿಕೊಟ್ಟರು. ಸ್ಪೀಕರು ಗೊರಗೊರ ಎನ್ನುತ್ತಿತ್ತು. ಪರದೆಯಲ್ಲಿ ಹಸಿರು ಪಟ್ಟಿಯೊಂದು ಏಳುತ್ತಾ ಬೀಳುತ್ತಾ ಇತ್ತು. ದೇವರ ಕೋಣೆಯ ಬಾಗಿಲ ಮರೆಗೆ ಯಾರೋ ಬಂದಿದ್ದರು. ಮೊದಲು ಕೇಳಿಸಿದ್ದು ಕೀಲಿ ಗೊಂಚಲಿನ ಗಿಲಕಿ. ಆಮೇಲೆ, ತಗ್ಗಿಸಿದ ದನಿ.

"ಹ್ಞೂಂ, ಹೇಳು. ಆಗ್ಲೆ ಮಂದಿ ಇದ್ರು, ಕಟ್ ಮಾಡ್ದೆ... ಇವತ್ತು ಬರಾಕಾಗಲ್ಲ, ದಫೇದಾರ ಇಲ್ಲೇ ಸುತ್ತಾಕೆ ಹತ್ಯಾನೆ... ಏನು? ನೀರೂ ಕೇಳ್ಲಿಲ್ಲಾ?"

ಕಾವ್ಯಶ್ರೀ ಅವರ ತೋಳು ಹಿಡಿದುಕೊಂಡಳು. ಯುಪಿಎಸ್ ಬಿಡುವಿಲ್ಲದೆ ಕೂಗುತ್ತಿತ್ತು.

"ಬಿಡು. ನಿನ್ನೆ ತನಕ ಬಾಗ್ಲು ಬಡೀತಿದ್ಲು, ಇವತ್ತು ಅದೂ ಇಲ್ಲ ಅಂದ್ರೆ... ಸೋಮವಾರ ಇಲ್ಲಿ ತಿಥಿ ಮುಗೀಲಿ. ಆಮ್ಯಾಲೆ ಯಾರೂ ಹುಡುಕಾಕಿಲ್ಲ. ನೀನು ಬೀಗ ತೆಗಿಬ್ಯಾಡ. ಆ ಮೋಟರ್ ಮನೆ ಕಡೆ ಯಾರಾದ್ರೂ ಬಂದ್ರೆ..."

ಪರದೆ ಕಪ್ಪಾಯಿತು. ಸ್ಪೀಕರು ನಿಂತಿತು. ಯುಪಿಎಸ್ ಒಂದು ಸಲ ಉದ್ದಕ್ಕೆ ಕೂಗಿ ತಾನೂ ಸುಮ್ಮನಾಯಿತು.

ಕಾವ್ಯಶ್ರೀ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಅಳುತ್ತಾ, ರೆಕಾರ್ಡು ಹಾಕಿರಲಿಲ್ಲ ದೊಡ್ಡಪ್ಪ ಎಂದಳು.

ಸುಚಿತ್ರಾ ಇದ್ದಾಳೆ. ಸಾಸ್ವೆಹಳ್ಳಿಯ ಹೊಳೆಯಲ್ಲಿ ಸಿಕ್ಕ ಹೆಣ ಇನ್ನಾರದೋ. ಆ ತಾಯಿಗೆ ಬೇಕಾಗಿದ್ದ ಉತ್ತರ ಇದೇ. ಆದರೆ ಅವಳಿಗೆ ಅದನ್ನು ಕೊಡುವುದು ಹೇಗೆ? ಬಾಗಿಲು ಬಡಿಯುವ ಶಕ್ತಿಯೂ ಹೋದ ಹುಡುಗಿಯನ್ನು ಹುಡುಕುವುದಾದರೂ ಎಲ್ಲಿ? ಹೊನ್ನಾಳಿಯ ಹೊಳೆಸಾಲಿನಲ್ಲೋ, ಚನ್ನಗಿರಿಯ ತೋಟದಲ್ಲೋ, ಜಗಳೂರಿನ ಬಯಲಲ್ಲೋ? ಆ ಗೊಂಚಲಿನಲ್ಲಿ ಎಷ್ಟು ಕೀಲಿಗಳಿವೆಯೋ ಅಷ್ಟು ಕತ್ತಲೆ ಕೋಣೆಗಳು. ಈಗ ಇವನ ಕೊರಳಪಟ್ಟಿ ಹಿಡಿದರೆ, ಬೀಗ ಕಾಯುತ್ತಿರುವ ಆ ಇನ್ನೊಬ್ಬನು ಅದನ್ನು ಎಂದೂ ತೆಗೆಯುವುದಿಲ್ಲ. ಹಿಡಿಯದೆ ಬಿಟ್ಟರೆ ಸೋಮವಾರದ ತನಕ ಅವಳು ಉಳಿಯುವುದಿಲ್ಲ. ಮರುಳಸಿದ್ದಪ್ಪ ತಮ್ಮ ದೇವರನ್ನು ನೆನೆದರು. ಆ ದಿನ ಪೆಟ್ಟಿಗೆ ಮುಂದಕ್ಕೂ ಹಿಂದಕ್ಕೂ ಹೋಗದೆ ನಿಂತದ್ದು ಯಾಕೆಂದು ಅವರಿಗೆ ಈಗ ತಿಳಿದಂತಾಯಿತು: ಯಾವ ಕಡೆ ಹೆಜ್ಜೆಯಿಟ್ಟರೂ ಹುಡುಗಿಯ ಜೀವಕ್ಕೇ ಕುತ್ತು. ತಿಳಿದು ಏನೂ ಹಗುರವಾಗಲಿಲ್ಲ.

ನಿಂಗರಾಜ ಮುಂಬಾಗಿಲಿನಿಂದಲೇ, ಬಾಯಿ ಒರೆಸಿಕೊಳ್ಳುತ್ತಾ ಬಂದ.

"ಏನಾದ್ರೂ ಹತ್ತಿತೇನ್ರಿ ದಫೇದಾರ್ರೇ?"

"ಎಲ್ಲಿಂದ ಹತ್ತಬೇಕು" ಎಂದರು ಮರುಳಸಿದ್ದಪ್ಪ. ತಮ್ಮ ದನಿ ಎಂದಿನಂತೆಯೇ ಇದ್ದದ್ದು ಅವರಿಗೇ ಅಸಹ್ಯವಾಯಿತು. "ನೀನು ಹೇಳಿದ್ದೇ ಸರಿ. ಕಂಪ್ಯೂಟರ್ ಕೆಟ್ಟೈತೆ."

"ನಾನು ಅಂದಿದ್ದಿಲ್ವಾ? ಕುಂಕುಮ ಮೆತ್ತಿದ್ರೆ ಅದಾದ್ರೂ ಏನ್ ಮಾಡ್ತೈತೆ" ಎನ್ನುತ್ತಾ ಅವನು ಗಾಡಿಯನ್ನು ತಿರುಗಿಸಲು ಹಿಡಿಕೆ ಎತ್ತಿದ. ಸೊಂಟದ ಕೀಲಿಗಳು ಗಿಲಗಿಲ ಎಂದವು.

ಅಷ್ಟರಲ್ಲಿ ಹೊಸ್ತಿಲ ಮೇಲೆ ಉಚ್ಚಂಗಮ್ಮ ಕಾಣಿಸಿಕೊಂಡಳು. ಎರಡು ಕೈಯಲ್ಲೂ ಬೊಗಸೆ ಮಾಡಿ ಏನನ್ನೋ ಹಿಡಿದುಕೊಂಡಿದ್ದಳು. ಬೆರಳ ಸಂದಿಯಿಂದ ಒಮ್ಮೆ ಕೆಂಪು, ಒಮ್ಮೆ ನೀಲಿ ಹೊಳೆಯುತ್ತಿತ್ತು. ಮರುಳಸಿದ್ದಪ್ಪ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ್ದು ಅವಳಿಗೆ ಕಾಣಲಿಲ್ಲ. ಅವಳ ಕಣ್ಣು ತಮ್ಮನ ಮೇಲಿತ್ತು. ಇಷ್ಟು ದಿನ ಕಾಪಾಡಿಕೊಂಡ ಗುಟ್ಟು ಹೇಗೂ ಒಡೆದಿತ್ತು. ಇನ್ನು ಒಡಹುಟ್ಟಿದವನಿಂದ ಮುಚ್ಚಿಡುವುದೇನು?

"ನಿಂಗ, ಇಲ್ಲಿ ನೋಡಪ್ಪ" ಎಂದಳು. "ನನ್ ಮಗಳು ಮತ್ತೆ ಚಡಪಡಿಸಾಕೆ ಹತ್ಯಾಳೆ."

ನಿಂಗರಾಜ ನೋಡಿದ. ಅವಳ ಬೊಗಸೆಯನ್ನು ನೋಡಿದ, ಕಪ್ಪಾದ ಪರದೆಯನ್ನು ನೋಡಿದ, ಆಮೇಲೆ ನಿಧಾನವಾಗಿ ಮರುಳಸಿದ್ದಪ್ಪನವರ ಮುಖ ನೋಡಿದ.

ಕೀಲಿಗಳ ಸದ್ದು ನಿಂತಿತ್ತು. ಅವನು ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.